ದುಡಿಮೆಗೆ ತಕ್ಕ ಉಡಿಗೆ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ನಮ್ಮ ಹಿರಿಯರು ಮದುವೆ ಮುಂಜಿವೆಗಳಿಗೆ ಹೊರಡುವಾಗ ಹೇಳುತ್ತಿದ್ದರು. ಇಂದಿನ ದಿನಗಳಲ್ಲಿ ಆ ಮಾತು ಮದುವೆಯ ಮನೆಗಿಂತ ಹೆಚ್ಚಾಗಿ ದುಡಿಮೆಯ ಮನೆಗೆ ಅನ್ವಯಿಸುವಂತೆ ತೋರುವದು. ಮಗನಿಗೋ ಮಗಳಿಗೋ ಹೊಸದಾಗಿ ನೌಕರಿ ದೊರೆಯಿತೆಂದರೆ, ನೆರೆಹೊರೆಗೆ ಸಕ್ಕರೆ ಹಂಚಿದ ಮರುಗಳಿಗೆಯಲ್ಲಿಯೇ ಏಳುವ ಪ್ರಶ್ನೆ ಇದು: “ನಾಳೆ ಏನು ಉಟ್ಟುಕೊಂಡು ಹೋಗುವದು?” ಪ್ರಶ್ನೆಯೇನೋ ಚಿಕ್ಕದು, ಆದರೆ ಅದರ ಹೊಟ್ಟೆಯಲ್ಲಿ ಮನೆಯ ಹಣ, ಊರಿನ ಹವೆ, ಜನರ ನೋಟ, ತನ್ನ ಮರ್ಯಾದೆ ಇವಿಷ್ಟೂ ಅಡಗಿರುವವು. ಇದನ್ನು ಸಿಂಪಿಗನ ಅಂಗಡಿಯಲ್ಲಿ ಬಗೆಹರಿಸುವದಕ್ಕಿಂತ ಮೊದಲು ಮನೆಯ ಹಿರಿಯರು ಕುಳಿತು ವಿಚಾರಿಸುವದು ಒಳ್ಳೆಯದೆಂದು ಈ ಲೇಖಕನ ನಂಬಿಗೆ.

ಕಲಬುರ್ಗಿಯ ನೆಹರು ಗಂಜನ್ನು ಬಲ್ಲವರಿಗೆ ಈ ವಿಷಯವನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ. ‘ಗಂಜ್’ ಎಂದರೆ ಪಾರಸೀ ಭಾಷೆಯಲ್ಲಿ ಭಂಡಾರ. ತೊಗರಿಯ ನಾಡಿನ ಪೇಟೆಗೆ ಇದಕ್ಕಿಂತ ಒಪ್ಪುವ ಹೆಸರು ದೊರಕಲಾರದು. ಹೊಲದಲ್ಲಿ ರಾಶಿ ಮುಗಿದು, ಡಿಸೆಂಬರ ತಿಂಗಳಿಂದ ಮಾರ್ಚದ ವರೆಗೆ ಚೀಲಗಳು ಬರತೊಡಗಿದವೆಂದರೆ ಇಲ್ಲಿ ಕಾಲಿಡುವದಕ್ಕೆ ಸ್ಥಳವಿರುವದಿಲ್ಲ. 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೇಳೆಗೆ ಈ ಗುರುತು ದೊರೆಯುವದಕ್ಕೆ ಎಷ್ಟೋ ಮೊದಲಿನಿಂದಲೂ ಬೇಳೆಯನ್ನು ಹೊರುವವರಿಗೆ, ಅಳೆಯುವವರಿಗೆ, ಮಾರುವವರಿಗೆ ಅವರವರ ಗುರುತು ಅವರವರ ಬಟ್ಟೆಯಲ್ಲಿಯೇ ಇದ್ದಿತು.

ಬೆಳಗಿನ ಹೊತ್ತು ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡಬೇಕು. ಧೋತರವುಟ್ಟು, ತಲೆಗೆ ಪಟಕ ಸುತ್ತಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ಬರುವವನು ರೈತ. ಮೊಳಕಾಲ ವರೆಗೆ ಎತ್ತಿ ಕಟ್ಟಿದ ಲುಂಗಿ, ಬೆವರಿನಿಂದ ಬಣ್ಣಗೆಟ್ಟ ಬನಿಯನ್ನು, ತಲೆಯಿಂದ ಬೆನ್ನಿಗೆ ಇಳಿಬಿಟ್ಟ ದಪ್ಪ ಅರಿವೆ ಇವುಗಳಿಂದ ಹಮಾಲನನ್ನು ಗುರುತಿಸಬಹುದು. ಇಸ್ತ್ರಿಯ ಬಿಳಿಯ ನೆಹರು ಅಂಗಿಯನ್ನು ತೊಟ್ಟು ಗಾದಿಯ ಮೇಲೆ ಕುಳಿತವರು ಸಾಹುಕಾರರು. ಜೇಬಿನಲ್ಲಿ ಎರಡು ಲೇಖಣಿ ಸಿಕ್ಕಿಸಿಕೊಂಡವನು ಗುಮಾಸ್ತನಲ್ಲದೆ ಮತ್ತಾರೂ ಅಲ್ಲ. ಕಾಳು ಹಸನು ಮಾಡುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿಯೊಂದನ್ನು ತೊಟ್ಟು, ತಲೆ ಮತ್ತು ಮೂಗನ್ನು ಮುಚ್ಚುವಂತೆ ವಸ್ತ್ರವನ್ನು ಕಟ್ಟಿರುವರು. ಹೊಸಬನಿಗೆ ಇದು ಬಡತನದ ವೇಷವಾಗಿ ಕಾಣಬಹುದು. ಆದರೆ ಸ್ವಲ್ಪ ಯೋಚಿಸಿದರೆ ಇದರಲ್ಲಿಯ ಜಾಣತನ ತಿಳಿಯುವದು. ಅಂಗಿಯ ಉದ್ದ ತೋಳು ಧೂಳಿನ ತುರಿಕೆಯನ್ನು ತಡೆಯುವದು. ವಸ್ತ್ರವು ಶ್ವಾಸವನ್ನು ಕಾಯುವದು. ಹಮಾಲನ ಬೆನ್ನಿನ ಅರಿವೆಯು ಚೀಲದ ನಾರಿಗೂ ಅವನ ಚರ್ಮಕ್ಕೂ ನಡುವೆ ಗೋಡೆಯಾಗಿರುವದು. ಯಾವ ಕಚೇರಿಯ ಸುತ್ತೋಲೆಯೂ ಇವರಿಗೆ ಇದನ್ನು ಕಲಿಸಿದ್ದಿಲ್ಲ, ದುಡಿಮೆಯೇ ಕಲಿಸಿತು. ದುಡಿಮೆಗೆ ತಕ್ಕ ಉಡಿಗೆ ಎಂಬುದರ ಮೊದಲನೆಯ ಪಾಠವು ಇದೇ ಆಗಿರುವದು.

ಪೇಟೆಯಲ್ಲಿ ಬಟ್ಟೆಗೆ ಮತ್ತೊಂದು ಕೆಲಸವೂ ಇದ್ದಿತೆಂಬುದನ್ನು ಇಂದಿನ ತರುಣರು ಅರಿಯರು. ಹಿಂದಿನ ಕಾಲದಲ್ಲಿ ನಮ್ಮ ದೇಶದ ಹಲವು ಧಾನ್ಯದ ಪೇಟೆಗಳಲ್ಲಿ ಸವಾಲು ಬಾಯಿಂದ ನಡೆಯುತ್ತಿರಲಿಲ್ಲ. ದಲಾಲಿಯೂ ಕೊಳ್ಳುವವನೂ ಒಂದು ಟವೆಲಿನ ಇಲ್ಲವೆ ಧೋತರದ ಸೆರಗಿನ ಕೆಳಗೆ ಕೈಗೆ ಕೈ ಕೂಡಿಸಿ, ಬೆರಳುಗಳನ್ನು ಒತ್ತಿ ದರವನ್ನು ಸೂಚಿಸುತ್ತಿದ್ದರು. ಬೆಳೆದ ರೈತನು ಪಕ್ಕದಲ್ಲಿಯೇ ನಿಂತಿದ್ದರೂ ಬಟ್ಟೆಯ ಕೆಳಗೆ ಏನು ನಡೆಯಿತೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ವ್ಯವಸಾಯದ ರಾಯಲ್ ಕಮಿಶನ್ನು 1928ರಲ್ಲಿ ಪೇಟೆಗಳನ್ನು ಕಾಯಿದೆಗೆ ಒಳಪಡಿಸಬೇಕೆಂದು ಸಲಹೆ ಕೊಟ್ಟಿತು. ಕಲಬುರ್ಗಿಯು ಆಗ ಸೇರಿದ್ದ ಹೈದರಾಬಾದ ಸಂಸ್ಥಾನದಲ್ಲಿ 1930ರಲ್ಲಿ ವ್ಯವಸಾಯ ಮಾರುಕಟ್ಟೆಯ ಕಾನೂನು ಆಯಿತು. ಮುಂದೆ ಕರ್ನಾಟಕದ 1966ರ ಕಾಯಿದೆಯೂ, 2014ರಿಂದ ಗಣಕಯಂತ್ರದ ಮೂಲಕ ನಡೆಯುವ ಟೆಂಡರೂ ಬಂದವು. ಇದರಿಂದ ಒಂದು ಮಾತು ಸ್ಪಷ್ಟವಾಗುವದು. ಬಟ್ಟೆಯು ಮರೆಮಾಚಲೂಬಹುದು, ತಿಳಿಯಪಡಿಸಲೂಬಹುದು. ಎದುರಿಗಿನವನಿಗೆ “ಈತನು ಯಾರು, ಇವನಿಂದ ನನಗೆ ಯಾವ ಕೆಲಸವಾದೀತು” ಎಂಬುದನ್ನು ತಿಳಿಸುವ ಬಟ್ಟೆಯು ಪ್ರಾಮಾಣಿಕವಾದ ಬಟ್ಟೆ. ತನ್ನಲ್ಲಿಲ್ಲದುದನ್ನು ಇದ್ದಂತೆ ತೋರಿಸುವ ಬಟ್ಟೆಯು ಟವೆಲಿನ ಕೆಳಗಿನ ವ್ಯಾಪಾರವೇ ಸರಿ.

ನಮ್ಮ ಊರಿನ ಕಚೇರಿಗಳ ಉಡಿಗೆಯೂ ರಾಜ್ಯಗಳು ಬದಲಾದಂತೆ ಬದಲಾಗುತ್ತ ಬಂದಿರುವದು. ನಿಜಾಮರ ಆಳಿಕೆಯಲ್ಲಿ ಕಲಬುರ್ಗಿಯು ಸುಭೆಯ ಮುಖ್ಯ ಸ್ಥಳವಾಗಿದ್ದಿತು. ಅಂದಿನ ಅಧಿಕಾರಿಗಳಿಗೂ ಸುಶಿಕ್ಷಿತರಿಗೂ ಶೇರವಾನಿಯೇ ಸಭ್ಯವೇಷ. ದರಬಾರಕ್ಕೆ ಹೋಗಬೇಕಾದರೆ ತಲೆಗೆ ದಸ್ತಾರ, ನಡುವಿಗೆ ಬಗಲೂಸೆಂಬ ಪಟ್ಟಿ. ಇದರಲ್ಲಿ ಹಿಂದು ಮುಸಲ್ಮಾನರೆಂಬ ಭೇದವಿರಲಿಲ್ಲ. 1948ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಕಲಬುರ್ಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಕೂಡಿತು. ಗಾಂಧಿ ಟೊಪ್ಪಿಗೆ, ಖಾದಿಯ ಅಂಗಿಗಳು ಗೌರವದ ಸ್ಥಾನಕ್ಕೆ ಬಂದವು. ದಕ್ಷಿಣದ ಮೈಸೂರಿನಲ್ಲಾದರೋ ಜರಿಯ ಪೇಟ ಮತ್ತು ಮುಚ್ಚಿದ ಕೊರಳಿನ ಉದ್ದ ಕೋಟು ಅಧಿಕಾರದ ಲಕ್ಷಣವಾಗಿದ್ದವು. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪಾಶ್ಚಾತ್ಯ ಸೂಟಿನ ಮೇಲೆ ಮೈಸೂರು ಪೇಟವನ್ನು ಧರಿಸಿ, ಒಂದು ಗುಂಡಿಯೂ ತಪ್ಪದಂತೆ ಶಿಸ್ತಾಗಿರುತ್ತಿದ್ದುದನ್ನು ಅವರ ಚಿತ್ರಗಳಲ್ಲಿ ಎಲ್ಲರೂ ಕಂಡಿರುವರು. ಈಗ ಶೇರವಾನಿಯೂ ಪೇಟವೂ ಮದುವೆಯ ವರನ ಪಾಲಿಗೆ ಬಂದಿರುವವು. ಕಚೇರಿಗೆ ಪ್ಯಾಂಟು ಶರ್ಟುಗಳು ಸಾಕಾಗಿವೆ. ಹೀಗೆ ಒಂದು ಕಾಲದ ಸಭ್ಯವೇಷವು ಮತ್ತೊಂದು ಕಾಲಕ್ಕೆ ವೇಷವೇ ಆಗಿಬಿಡುವದರಿಂದ, ಯಾವ ಉಡಿಗೆಯನ್ನೂ ಬ್ರಹ್ಮಲಿಖಿತವೆಂದು ತಿಳಿಯಬೇಕಾದುದಿಲ್ಲ.

ಕೆಲವು ಉದ್ಯೋಗಗಳ ಉಡಿಗೆಯು ಮಾತ್ರ ನಿಯಮದಿಂದಲೇ ಕಟ್ಟಲ್ಪಟ್ಟಿರುವದು. ನಮ್ಮ ಬಸ್ಸಿನ ಕಂಡಕ್ಟರರೂ ಪೋಲೀಸರೂ ತೊಡುವ ಖಾಕಿಯನ್ನೇ ನೋಡಿರಿ. ‘ಖಾಕ್’ ಎಂದರೆ ಧೂಳೆಂಬುದನ್ನು ಉರ್ದು ಆಡುವ ಕಲಬುರ್ಗಿಯವರಿಗೆ ಹೇಳಬೇಕೆ? 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿಯು ಕಟ್ಟಿದ ‘ಗಾಯಿಡ್ಸ್’ ಪಡೆಯು ಮೊದಲು ಈ ಧೂಳುಬಣ್ಣದ ಬಟ್ಟೆಯನ್ನು ತೊಟ್ಟಿತು. ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆಯ ಕಾರಖಾನೆಯಲ್ಲಿ ಜಾನ್ ಹಾಲರ್ ಎಂಬವನು ಈ ಬಣ್ಣವನ್ನು ಸಿದ್ಧಪಡಿಸಿದನೆಂಬುದು ಕನ್ನಡ ನಾಡಿನಲ್ಲಿ ಪ್ರಸಿದ್ಧವಾದ ಮಾತು. ಅದು ಹೇಗೇ ಇರಲಿ, ಧೂಳಿನಲ್ಲಿ ದುಡಿಯುವವನಿಗೆ ಧೂಳಿನ ಬಣ್ಣವೇ ಅನುಕೂಲವೆಂಬ ಯುಕ್ತಿಯು ಇದರಲ್ಲಿರುವದು.

ವಕೀಲರ ಕರಿಯ ಕೋಟಿನಲ್ಲಿ ಇಂಥ ಯುಕ್ತಿಯನ್ನು ಹುಡುಕುವದು ಕಷ್ಟ. ಅದು ಥಂಡಿಯ ದೇಶವಾದ ಇಂಗ್ಲೆಂಡದಿಂದ ಬಂದ ಉಡಿಗೆ. ಕಲಬುರ್ಗಿಯಲ್ಲಿ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ 2013ರಲ್ಲಿ ಖಾಯಂ ಪೀಠವೂ ಸ್ಥಾಪಿತವಾದ ಮೇಲೆ ಕರಿಯ ಕೋಟುಗಳು ಊರಿನಲ್ಲಿ ಹೆಚ್ಚಾಗಿರುವವು. ಆದರೆ ವೈಶಾಖದ ಬಿಸಿಲು ಕೋಟಿಗಾಗಿ ಕಡಿಮೆಯಾಗುವದಿಲ್ಲವಷ್ಟೆ! ಮೇ ತಿಂಗಳಲ್ಲಿ ಇಲ್ಲಿಯ ಉಷ್ಣಮಾನವು 42 ಅಂಶಗಳನ್ನು ದಾಟುವದು ಅಪರೂಪವಲ್ಲ. ಆ ಕಾರಣದಿಂದಲೇ ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ಭಾಗದ ಸರಕಾರಿ ಕಚೇರಿಗಳು ಮುಂಜಾನೆ 8 ಗಂಟೆಯಿಂದ ಮಧ್ಯಾಹ್ನ 1-30ರ ವರೆಗೆ ನಡೆಯುವ ರೂಢಿಯಿರುವದು. ವಕೀಲರ ಪರಿಷತ್ತಿನ ನಿಯಮಗಳು ಸಹ ಬೇಸಿಗೆಯಲ್ಲಿ ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳನ್ನು ಬಿಟ್ಟು ಉಳಿದೆಡೆ ಕರಿಯ ಕೋಟು ಕಡ್ಡಾಯವಲ್ಲವೆಂದು ಹೇಳುವವು. 2024ರ ಬೇಸಿಗೆಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಕೆಳಗಿನ ನ್ಯಾಯಾಲಯಗಳಲ್ಲಿ ವಾದಿಸುವ ವಕೀಲರಿಗೆ ಕೋಟಿನಿಂದ ವಿನಾಯಿತಿಯನ್ನು ಕೊಟ್ಟಿತು. ಕಾನೂನೇ ಹವೆಗೆ ಇಷ್ಟು ತಲೆಬಾಗುವದಾದರೆ, ಯಾವ ಕಾನೂನೂ ಇಲ್ಲದ ಕಡೆಯಲ್ಲಿ ನಾವು ನಮ್ಮ ಮಕ್ಕಳನ್ನು ಉಣ್ಣೆಯ ಸೂಟಿನಲ್ಲಿ ಬೇಯಿಸುವದೇಕೆ?

ಇಲ್ಲಿ ಒಂದು ಕಂಡ ಸಂಗತಿಯನ್ನು ಹೇಳುವೆನು. ಈ ಲೇಖಕನು ಗಂಜಿನ ಒಂದು ಅಂಗಡಿಯಲ್ಲಿ ಬಹುಕಾಲ ಲೆಕ್ಕ ಬರೆದವನು. ನಮ್ಮ ಅಂಗಡಿಗೆ ಚೀಲ ಹೊರುತ್ತಿದ್ದ ಒಬ್ಬ ಹಮಾಲನ ಮಗನು ಓದಿನಲ್ಲಿ ಜಾಣನಾಗಿ ಪದವಿಯನ್ನು ಪಡೆದನು. ಒಂದು ಕಚೇರಿಯಿಂದ ಭೇಟಿಗೆ ಕರೆ ಬಂದಿತು. ತಿಂಗಳು ಮೇ. ಕೋಟಿಲ್ಲದೆ ಹೋದರೆ ಮಾನವಿಲ್ಲವೆಂದು ಯಾರೋ ಹೇಳಿದ್ದರಿಂದ ಬಂಧುಗಳ ಮನೆಯಿಂದ ಒಂದು ಕೋಟನ್ನು ಕಡ ತಂದರು. ಭುಜದಲ್ಲಿ ಅದು ನಾಲ್ಕು ಬೆರಳು ದೊಡ್ಡದು. ಹುಡುಗನು ಬೆವರಿನಲ್ಲಿ ತೊಯ್ದು ಒಳಗೆ ಹೋದನು. ಕೇಳಿದ ಪ್ರಶ್ನೆಗಳೆಲ್ಲ ಅವನಿಗೆ ಬರುತ್ತಿದ್ದವೇ. ಆದರೆ ಅವನ ಲಕ್ಷ್ಯವೆಲ್ಲ ತೋಳನ್ನು ಹಿಂದೆ ಸರಿಸುವದರಲ್ಲಿಯೂ ಹಣೆಯನ್ನು ಒರೆಸುವದರಲ್ಲಿಯೂ ಹೋಯಿತು. “ಮೈಯಲ್ಲಿ ಹುಷಾರಿಲ್ಲವೇನು?” ಎಂದು ಕೇಳಿ ಅವನನ್ನು ಕಳುಹಿಸಿಬಿಟ್ಟರು. ಕೆಲಸ ದೊರೆಯಲಿಲ್ಲ. ಮರುವರ್ಷ ಮತ್ತೊಂದು ಕಡೆಗೆ ಹೋಗುವಾಗ ಅವನ ತಾಯಿಯು ಬಿಳಿಯ ಹತ್ತಿಯ ಅಂಗಿಯೊಂದನ್ನು ಒಗೆದು, ಅನ್ನದ ಗಂಜಿ ಹಾಕಿ, ಇಸ್ತ್ರಿ ಮಾಡಿಸಿ ಕೊಟ್ಟಳು. ಅಂಗಿಯು ಅವನದೇ, ಅಳತೆಯು ಅವನದೇ. ಅಂದು ಅವನಿಗೆ ತಾನು ಏನು ತೊಟ್ಟಿರುವೆನೆಂಬುದೇ ಮರೆತುಹೋಗಿತ್ತಂತೆ. ಕೆಲಸವು ದೊರೆಯಿತು. ತೊಟ್ಟವನು ಮರೆಯಬಲ್ಲ ಉಡಿಗೆಯೇ ದುಡಿಮೆಗೆ ಒಳ್ಳೆಯ ಉಡಿಗೆ.

ಇಷ್ಟರಿಂದ ನಾಲ್ಕು ಸೂತ್ರಗಳನ್ನು ಹೇಳಬಹುದು. ಮೊದಲನೆಯದು ಕೆಲಸ: ಕುಳಿತು ಬರೆಯುವವನಿಗೆ ಒಪ್ಪುವುದು ನಿಂತು ತೂಗುವವನಿಗೆ ಒಪ್ಪಲಾರದು. ಎರಡನೆಯದು ಹವೆ: ನಮ್ಮ ಸೆಕೆಗೆ ಹತ್ತಿಯ ಬಟ್ಟೆಯಂಥ ಮಿತ್ರನಿಲ್ಲ, ಅದು ಬೆವರನ್ನು ಹೀರಿ ಗಾಳಿಗೆ ಒಣಗಿಸಿ ಮೈಯನ್ನು ತಂಪಾಗಿರಿಸುವದು. ಪಾಲಿಯೆಸ್ಟರ ಮೊದಲಾದ ಕೃತಕ ನೂಲಿನ ಬಟ್ಟೆಯು ಸುಕ್ಕಾಗದು, ಬೇಗ ಒಣಗುವದು, ಅಗ್ಗವೂ ಅಹುದು. ಆದರೆ ಬೆವರನ್ನು ಹೀರದು. ಎರಡೂ ಬೆರೆತ ಬಟ್ಟೆಯು ಮಧ್ಯಮ ಮಾರ್ಗವಾಗಬಹುದು. ಮೂರನೆಯದು ಶುಚಿತ್ವ: ಹಳತಾದ ಬಟ್ಟೆಗೆ ಯಾರೂ ನಗುವದಿಲ್ಲ, ಕೊಳೆಯಾದುದಕ್ಕೆ ಮೂಗು ಮುರಿಯುವರು. ನಾಲ್ಕನೆಯದು ಚೀಲದಲ್ಲಿಯ ಹಣ: ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು. ಮೊದಲನೆಯ ಸಂಬಳವು ಕೈಗೆ ಬರುವ ಮುನ್ನವೇ ಮೂರು ತಿಂಗಳ ಸಂಬಳದ ಬಟ್ಟೆಯನ್ನು ಉದ್ದರಿ ತರುವದು, “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂಬ ಗಾದೆಯನ್ನು ನಿಜ ಮಾಡಿದಂತೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳು ಈ ನಾಲ್ಕು ಸೂತ್ರಗಳ ಮೇಲೆ ಐದನೆಯದೊಂದನ್ನು ಹೇರುವವು, ಅದೆಂದರೆ “ನಾಲ್ಕು ಜನ ಏನೆಂದಾರು?” ಎಂಬುದು. ಮಗನು ಏನು ತೊಟ್ಟರೂ ಕಣ್ಣೆತ್ತಿ ನೋಡದವರು ಮಗಳ ಮತ್ತು ಸೊಸೆಯ ಸೆರಗಿನ ಅಳತೆಯನ್ನು ತೆಗೆಯುವರು. ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣದ ಕುಪ್ಪಸವೂ ನಮ್ಮ ನಾಡಿನ ಭೂಷಣವೆಂಬುದು ನಿಜ. ಸೀರೆಯನ್ನುಟ್ಟು ಪಾಠ ಹೇಳುವ, ರೋಗಿಗಳನ್ನು ನೋಡುವ ಸ್ತ್ರೀಯರು ಎಲ್ಲೆಡೆಯೂ ಇರುವರು. ಆದರೆ ಬಸ್ಸಿನ ಮೆಟ್ಟಿಲನ್ನು ದಿನಕ್ಕೆ ನೂರು ಸಲ ಹತ್ತಿ ಇಳಿಯುವ ಕಂಡಕ್ಟರಳಿಗೂ, ದ್ವಿಚಕ್ರ ವಾಹನದ ಮೇಲೆ ಹತ್ತು ಮೈಲು ಹೋಗುವ ಶಿಕ್ಷಕಿಗೂ ಬೇರೆ ಉಡಿಗೆಯೇ ಕ್ಷೇಮಕರವಾದೀತು. ಯಾವುದರಲ್ಲಿ ಕೆಲಸವು ಸುಗಮವಾಗುವದೆಂಬುದನ್ನು ಕೆಲಸ ಮಾಡುವವಳೇ ಚೆನ್ನಾಗಿ ಬಲ್ಲಳು. ಹಿರಿಯರು ಸಲಹೆ ಕೊಡಲಿ. ನಿರ್ಣಯವನ್ನು ಅವಳಿಗೆ ಬಿಡಲಿ.

ಕ್ಷೇಮದ ಮಾತು ಬಂದುದರಿಂದ ದಾಲಮಿಲ್ಲುಗಳ ವಿಷಯವನ್ನೂ ಹೇಳಿಬಿಡಬೇಕು. ತಿರುಗುವ ಪಟ್ಟಿಗಳೂ ಗಾಲಿಗಳೂ ಇರುವಲ್ಲಿ ಜೋತುಬಿದ್ದ ಸೆರಗು, ಹೆಗಲ ಮೇಲಿನ ಟವೆಲು, ಕೊರಳಿನ ದುಪಟ್ಟಿ, ಲುಂಗಿಯ ತುದಿ ಇವೆಲ್ಲವೂ ಮೃತ್ಯುವಿನ ಕೈಗೆ ಕೊಟ್ಟ ಹಗ್ಗಗಳು. 1948ರ ಕಾರಖಾನೆಗಳ ಕಾಯಿದೆಯು, ನಡೆಯುತ್ತಿರುವ ಯಂತ್ರವನ್ನು ಪರೀಕ್ಷಿಸುವ ಮತ್ತು ಎಣ್ಣೆ ಹಾಕುವ ಕೆಲಸದವನು ಮೈಗೆ ಅಂಟಿದ ಬಟ್ಟೆಯನ್ನೇ ತೊಟ್ಟಿರಬೇಕೆಂದೂ ಅದನ್ನು ಮಾಲೀಕನೇ ಒದಗಿಸಬೇಕೆಂದೂ ವಿಧಿಸಿತು. ಇದನ್ನು ನಮ್ಮ ಮನೆಗಳಲ್ಲಿ ಬಲ್ಲವರು ಕಡಿಮೆ. ಮಿಲ್ಲಿಗೆ ಹೋಗುವವರಿಗೆ ಬುತ್ತಿಯನ್ನು ಕಟ್ಟಿಕೊಡುವ ತಾಯಿಯಾಗಲಿ ಮಡದಿಯಾಗಲಿ ಅವರ ಬಟ್ಟೆಯ ತುದಿಗಳನ್ನೂ ಒಮ್ಮೆ ನೋಡಿದರೆ ಒಂದು ಜೀವವೇ ಉಳಿದೀತು.

ಉಡಿಗೆಯು ಬರಿಯ ಅನುಕೂಲದ ವಸ್ತುವಲ್ಲ, ಸ್ವಾಭಿಮಾನದ ವಸ್ತುವೂ ಅಹುದು. 1893ರಲ್ಲಿ ತರುಣ ಬ್ಯಾರಿಸ್ಟರ ಗಾಂಧಿಯವರು ದರ್ಬಾನಿನ ನ್ಯಾಯಾಲಯಕ್ಕೆ ಹೋದಾಗ ಮ್ಯಾಜಿಸ್ಟ್ರೇಟನು ಅವರಿಗೆ ರುಮಾಲನ್ನು ತೆಗೆಯಲು ಹೇಳಿದನು; ಅವರು ತೆಗೆಯದೆ ಹೊರಗೆ ನಡೆದರು. ಅದೇ ಗಾಂಧಿಯವರು 1921ರಲ್ಲಿ ಮದುರೆಯಲ್ಲಿ ಬಡವರ ತುಂಡು ಧೋತರವನ್ನು ಸ್ವಂತ ಇಚ್ಛೆಯಿಂದ ಉಟ್ಟರು. ಡಾಕ್ಟರ್ ಅಂಬೇಡಕರರ ದಾರಿಯು ಬೇರೆ. ಶತಮಾನಗಳಿಂದ ತಮ್ಮ ಜನರ ಮೈಮೇಲೆ ಹೀನತೆಯ ಗುರುತಾಗಿ ಹೇರಲ್ಪಟ್ಟಿದ್ದ ವೇಷವನ್ನು ಬಿಡಬೇಕೆಂದು ಅವರು 1927ರ ಡಿಸೆಂಬರದಲ್ಲಿ ಮಹಾಡದಲ್ಲಿ ಸ್ತ್ರೀಯರಿಗೆ ಉಪದೇಶಿಸಿದರು. ತಾವು ಸ್ವತಃ ಸೂಟು ಬೂಟುಗಳಲ್ಲಿಯೇ ಸಭೆಗಳಿಗೆ ಹೋದರು. ಒಬ್ಬರು ಬಟ್ಟೆಯನ್ನು ಕಡಿಮೆ ಮಾಡಿ, ಮತ್ತೊಬ್ಬರು ಪೂರ್ಣ ಮಾಡಿ, ಒಂದೇ ಮಾತನ್ನು ಹೇಳಿದಂತಾಯಿತು: ಏನನ್ನು ಉಡಬೇಕೆಂಬುದನ್ನು ಮನುಷ್ಯನು ತಾನೇ ಆರಿಸಬೇಕೇ ಹೊರತು ಇನ್ನೊಬ್ಬರು ಅವನನ್ನು ತುಳಿಯುವದಕ್ಕಾಗಿ ಆರಿಸಕೂಡದು.

ಇನ್ನು ಗೃಹಕೃತ್ಯದ ಎರಡು ಮಾತು. ಹೊಸ ನೌಕರನಿಗೆ ಮೂರು ಜೊತೆ ಒಳ್ಳೆಯ ಬಟ್ಟೆಗಳು ಸಾಕು: ಒಂದು ಮೈಮೇಲೆ, ಒಂದು ಒಗೆಯುವದರಲ್ಲಿ, ಒಂದು ಪೆಟ್ಟಿಗೆಯಲ್ಲಿ. ಬಣ್ಣಗಳು ಒಂದಕ್ಕೊಂದು ಹೊಂದುವಂತಿದ್ದರೆ ಮೂರು ಜೊತೆಗಳೇ ಆರರಂತೆ ಕಾಣುವವು. ಬೆವರಿನ ಬಟ್ಟೆಯನ್ನು ಅಂದೇ ನೀರಿಗೆ ಹಾಕಬೇಕು. ಬಿಟ್ಟರೆ ಕೊರಳುಪಟ್ಟಿಯು ಹಳದಿಯಾಗುವದು. ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ನಮ್ಮ ಬಿಸಿಲು ಬಣ್ಣವನ್ನು ಉಳಿಸದು. ಗುಂಡಿ ಸಡಿಲಾದಾಗಲೇ ಹೊಲಿದರೆ ಒಂದೇ ನಿಮಿಷದ ಕೆಲಸ. ಬಿದ್ದ ಮೇಲೆ ಅದರ ಜೊತೆಯನ್ನು ಹುಡುಕುವದು ಒಂದು ದಿನದ ಕೆಲಸ. ಇವನ್ನು ತಾಯಿ ಅಥವಾ ಹೆಂಡತಿಯೇ ಮಾಡಬೇಕೆಂಬ ನಿಯಮವೇನೂ ಇಲ್ಲ. ತನ್ನ ಅಂಗಿಯನ್ನು ತಾನು ಒಗೆದುಕೊಳ್ಳಲು ಕಲಿತವನು ಅದನ್ನು ಹೆಚ್ಚು ಜೋಕೆಯಿಂದ ತೊಡುವನು.

ಕೊನೆಗೆ ಆ ಹಮಾಲನ ಮಗನ ಮಾತನ್ನೇ ಪೂರ್ತಿ ಮಾಡಿ ಲೇಖನವನ್ನು ಮುಗಿಸುವೆನು. ಅವನು ಕೆಲಸಕ್ಕೆ ಸೇರಿದ ಕೆಲವು ದಿನಗಳಲ್ಲಿ ಒಂದು ಮುಂಜಾನೆ ಬೇಕಾದ ಕಾಗದವೊಂದನ್ನು ಮನೆಯಲ್ಲಿ ಮರೆತುಹೋದನು. ತಂದೆಯು ಗಂಜಿನ ಕೆಲಸವನ್ನು ನಡುವೆಯೇ ಬಿಟ್ಟು, ತೊಗರಿಯ ಧೂಳು ತುಂಬಿದ ಮೈಯಲ್ಲಿಯೇ ಅದನ್ನು ತೆಗೆದುಕೊಂಡು ಹೋದನು. ಒಳಗೆ ಹೋಗಲು ಸಂಕೋಚಪಟ್ಟು, ಹೊರಗಿನ ಬೇವಿನ ಮರದ ಕೆಳಗೆ ನಿಂತು ಹೇಳಿ ಕಳುಹಿಸಿದನು. ಮಗನು ಬಂದು ಕಾಗದವನ್ನು ತೆಗೆದುಕೊಂಡನು. ಜೊತೆಯವನೊಬ್ಬನು “ಯಾರಿವರು?” ಎಂದು ಕೇಳಿದಾಗ, ಬಿಳಿಯ ಅಂಗಿಯನ್ನು ತೊಟ್ಟ ಆ ಹುಡುಗನ ಬಾಯಿಂದ, “ನಮ್ಮ ಓಣಿಯವರು” ಎಂಬ ಮಾತು ಬಂದುಬಿಟ್ಟಿತು. ತಂದೆಯು ಏನೂ ಅನ್ನದೆ ತಲೆಯ ಅರಿವೆಯನ್ನು ಸರಿಪಡಿಸಿಕೊಂಡು ಹಿಂದಿರುಗಿದನು. ಮನೆಯಲ್ಲಿ ಅಂದಿಗೂ ಮುಂದೆಂದಿಗೂ ಅದರ ಮಾತನ್ನು ತೆಗೆಯಲಿಲ್ಲ.

ಇದನ್ನು ನನಗೆ ಹೇಳಿದವನು ತಂದೆಯಲ್ಲ, ಮಗನು. ಎಷ್ಟೋ ವರ್ಷಗಳ ಮೇಲೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಚೀಲ ಹೊರುವವರನ್ನು ನೋಡುತ್ತ ಹೇಳಿದನು. “ಕಡ ತಂದ ಕೋಟು ಆ ದಿನ ನನ್ನನ್ನು ಕೆಡಿಸಿತೆಂದು ನೀವು ಎಲ್ಲರಿಗೂ ಹೇಳುವಿರಿ, ನನ್ನ ಸ್ವಂತದ ಅಂಗಿ ಅದಕ್ಕಿಂತ ಹೆಚ್ಚು ಕೆಡಿಸಿದ ದಿನವನ್ನೂ ಹೇಳಿರಿ” ಎಂದನು. ಅವನ ಅಪ್ಪಣೆಯಂತೆಯೇ ಇದನ್ನು ಬರೆದಿರುವೆನು.

ಆದುದರಿಂದ, ಗೃಹಸ್ಥರೇ, ಮಕ್ಕಳು ಕೆಲಸಕ್ಕೆ ಹೊರಡುವ ಮೊದಲನೆಯ ದಿನ ಕನ್ನಡಿಯ ಮುಂದೆ ನಿಂತಾಗ, ಕೊರಳುಪಟ್ಟಿ ಸರಿಯಾಗಿದೆಯೇ, ಪಾದರಕ್ಷೆ ಒರೆಸಿದೆಯೇ ಎಂದು ಅವಶ್ಯವಾಗಿ ನೋಡಿರಿ. ಅದರ ಜೊತೆಗೆ ಈ ಅಂಗಿಯ ನೂಲು ಯಾರ ಬೆವರಿನಿಂದ ಬಂದಿತೆಂಬುದನ್ನೂ ಒಮ್ಮೆ ಹೇಳಿರಿ. ಶುಚಿಯಾದ ಬಟ್ಟೆಯನ್ನು ತೊಟ್ಟು, ಧೂಳಿನ ಬಟ್ಟೆಯವನನ್ನು ಎಲ್ಲರೆದುರಿನಲ್ಲಿ “ಇವರು ನಮ್ಮ ಅಪ್ಪ” ಎನ್ನಬಲ್ಲವನ ಉಡಿಗೆಯೇ ಪೂರ್ಣವಾದ ಉಡಿಗೆ. ಅದಕ್ಕೆ ಯಾವ ಸಿಂಪಿಗನೂ ಬೇಕಾಗಿಲ್ಲ; ಮನೆಯಲ್ಲಿಯೇ ಹೊಲಿಯಬೇಕು.